ಬೋಳುಗುಡ್ಡದ ಹಿಮಾಲಯ

ನುಸಿಗುಳಿಗೆಯ ವಾಸನೆ ಮೂಗಿಗೆ ಬಿದ್ದರೆ ಸಾಕು, ವಿಶ್ವನಾಥನಿಗೆ ಹಿಮಾಲಯ ಕಾಣುತ್ತಿತ್ತು. ತರೀಕೆರೆಯಲ್ಲಿ ಅವನು ಓದುತ್ತಿದ್ದ ಶಾಲೆಯ ಭೂಪಟ ನುಸಿಗುಳಿಗೆ ಹಾಕಿದ ಕಬ್ಬಿಣದ ಪೆಟ್ಟಿಗೆಯಲ್ಲಿರುತ್ತಿತ್ತು. ಮೇಷ್ಟ್ರು ಅದನ್ನು ಬಿಚ್ಚಿ ಗೋಡೆಗೆ ನೇತುಹಾಕಿ, ಮೇಲ್ತುದಿಯ ಕಂದುಬಣ್ಣವನ್ನು ಬೆತ್ತದಿಂದ ಮುಟ್ಟಿ "ಇದು ಹಿಮಾಲಯ" ಎನ್ನುವಷ್ಟರಲ್ಲಿ ಆ ಘಾಟು ತರಗತಿಯನ್ನೆಲ್ಲ ತುಂಬಿರುತ್ತಿತ್ತು. ಉಳಿದ ಹುಡುಗರು ಸೀನುತ್ತಿದ್ದರು. ಇವನೊಬ್ಬ ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಿದ್ದ. ಆಗ ಹಿಡಿದ ಹುಚ್ಚು ಐವತ್ತು ದಾಟಿದರೂ ಬಿಡಲಿಲ್ಲ. ಮದುವೆಗೆ ಹೊರಡಲು ಹೆಂಡತಿ ಕೋಮಲಾ ರೇಷ್ಮೆ ಸೀರೆಯ ಟ್ರಂಕು ತೆಗೆದರೆ ಇವನು ಪಕ್ಕದಲ್ಲಿ ನಿಂತು, "ಎರಡನೇ ಕ್ಯಾಂಪು ಇನ್ನೂ ಸ್ವಲ್ಪ ಮೇಲೆ ಹಾಕ್ಬೇಕು ಕಣೇ" ಎನ್ನುತ್ತಿದ್ದ.

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಕೂತು ಮನೆ ಕಟ್ಟುವವರಿಗೆ ಪ್ಲಾನ್ ಬರೆದುಕೊಡುವುದು ಅವನ ಕಸುಬು. ಊರಿನ ಅರ್ಧ ಅಡುಗೆಮನೆಗಳಿಗೆ ಕಿಟಕಿ ಎಲ್ಲಿರಬೇಕೆಂದು ತೀರ್ಮಾನಿಸಿದವನು ತಾನಿದ್ದದ್ದು ಗುರುಶಾಂತಮ್ಮನವರ ಮಹಡಿಯಲ್ಲಿ, ಬಾಡಿಗೆಗೆ. ಸ್ವಂತ ಮನೆಗೆಂದು ಕೂಡಿಟ್ಟದ್ದೆಲ್ಲ ಬೂಟು, ಹಗ್ಗ, ಮಂಜು ಕಡಿಯುವ ಕೊಡಲಿ, ಎತ್ತರ ತೋರಿಸುವ ಗಡಿಯಾರಗಳಾಗಿ ಗೋಡೆಯ ಮೊಳೆಗಳಲ್ಲಿ ತೂಗುತ್ತಿತ್ತು. ಗುರುಶಾಂತಮ್ಮನವರು ಬಾಡಿಗೆ ಏರಿಸುವ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ. ನಕ್ಷೆ ಹರಡಿಕೊಳ್ಳಲು ಪಕ್ಕದ ಖಾಲಿ ಕೋಣೆಯನ್ನೂ ಬಿಟ್ಟುಕೊಟ್ಟಿದ್ದರು. ಗಾಳಿಗೆ ಹಾರುತ್ತದೆಂದು ನಾಲ್ಕು ಮೂಲೆಗೆ ಇಡಲು ತೀರಿಕೊಂಡ ಗಂಡನ ಅಂಗಡಿಯ ತೂಕದ ಕಲ್ಲುಗಳನ್ನು ಅವರೇ ತಂದು ಇಟ್ಟುಹೋಗಿದ್ದರು.

"ಇಂಥ ಮನೆ ನಮಗೆ ಇನ್ನೆಲ್ಲೂ ಸಿಕ್ಕಲ್ಲ" ಎಂದು ಕೋಮಲಾ ಆಗಾಗ ಎಚ್ಚರಿಸುತ್ತಿದ್ದಳು. "ನಿಮ್ಮ ಹಿಮಾಲಯ ಏನಾದ್ರೂ ಆಗ್ಲಿ, ಈ ಮನೆ ಕಳೀಬೇಡಿ."

ಆ ಕೋಣೆಯಲ್ಲಿ ಅವನು ಹಿಮಾಲಯದ ಒಂದು ರಕ್ಷಿತ ಉದ್ಯಾನಕ್ಕೆ ದಾರಿ ಹಾಕುತ್ತಿದ್ದ. ಹಿಮನದಿ ಎಲ್ಲಿ ದಾಟಬೇಕು, ಹಿಮ ಜಾರುವ ಇಳಿಜಾರನ್ನು ಎತ್ತಲಿಂದ ಬಳಸಬೇಕು ಎಂದು ಬಣ್ಣದ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಅಳಿಸಿ, ಮತ್ತೆ ಎಳೆಯುತ್ತಿದ್ದ. ಸ್ವತಃ ಅವನು ಹತ್ತಿದ ಅತಿ ಎತ್ತರದ ಜಾಗ ಬೀರೂರು ಜಂಕ್ಷನ್ನಿನ ಮೇಲ್ಸೇತುವೆ. ಅಲ್ಲೂ ನಡುವೆ ಒಂದು ಸಲ ಕೂತಿದ್ದ.

ಬೆಳಗಿನ ಹೊತ್ತು ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನಲ್ಲಿ ವಾಕಿಂಗ್ ಮಾಡುವ ಗೆಳೆಯರಿಗೆ ಈ ದಾರಿಯ ವರ್ಣನೆ ತಪ್ಪದೆ ಆಗುತ್ತಿತ್ತು. ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಚಂದ್ರಕುಮಾರನಿಗೆ ಕೇಳಿ ಕೇಳಿ ಸಾಕಾಯಿತು.

"ಸಾರ್, ಹಿಮಾಲಯ ಇರ್ಲಿ. ಚೌಳಹಿರಿಯೂರಿನ ಆಚೆ ಬೋಳುಗುಡ್ಡ ಇದೆಯಲ್ಲ, ಮೊದ್ಲು ಅದಕ್ಕೊಂದು ದಾರಿ ಹಾಕಿ. ಹತ್ತಿಸಿ, ನಿಮ್ಮ ಗುರುತು ನೋಡ್ಕೊಂಡೇ ಇಳಿಸಿ. ಊಟದ ಹೊತ್ತಿಗೆ ಬಸ್‌ಸ್ಟಾಪಿಗೆ ತಲುಪಿಸಿದ್ರೆ ಬೇಸಿಗೇಲಿ ಎಲ್ರೂ ನಿಮ್ಮ ಹಿಂದೆ ಹಿಮಾಲಯಕ್ಕೆ ಬತ್ತೀವಿ. ನೀವೇ ಲೀಡರ್."

"ತಲುಪಿಸ್ದೆ ಇದ್ರೆ?"

"ಕಾಶಿ ಟೂರ್ ಬಸ್ಸಿಗೆ ಬುಕ್ ಮಾಡ್ತೀನಿ. ನಾನು ಲೀಡರ್. ನಿಮಗೆ ಹಿಂದಿನ ಸೀಟು."

ಸಿಮೆಂಟ್ ಅಂಗಡಿಯ ಓಂಕಾರೇಶ್ ನಕ್ಕ. ಆ ನಗು ವಿಶ್ವನಾಥನಿಗೆ ಮುಳ್ಳಿನಂತೆ ನಾಟಿತು. ಒಪ್ಪಿಕೊಂಡ.

ಕುರಿ ಮೇಯುವ ಆ ಗುಡ್ಡಕ್ಕೆ ಅವನು ವಾರವೆಲ್ಲ ಯೋಜನೆ ಹಾಕಿದ. ಬಸ್‌ಸ್ಟಾಪಿನ ಟೀ ಅಂಗಡಿ ಬೇಸ್ ಕ್ಯಾಂಪ್ ಆಯಿತು. ಹುಣಸೆಮರ ಒಂದನೇ ಕ್ಯಾಂಪ್. ಮೇಕೆಗಳು ಮಲಗುವ ಬಂಡೆ ಹಿಮಪಾತದ ಜಾಗ. ಭಾನುವಾರ ಬೆನ್ನಿಗೆ ಚೀಲ ಏರಿಸಿ ಇಳಿದವನನ್ನು ನೋಡಿದರೆ ಮನೆ ಖಾಲಿ ಮಾಡಿಕೊಂಡು ಹೊರಟವನಂತಿದ್ದ. ಗುರುಶಾಂತಮ್ಮನವರು ಬಾಗಿಲಲ್ಲಿ ನಿಂತು, "ಬಿಸಿಲಿದೆ, ತಲೆಗೆ ಏನಾದ್ರೂ ಸುತ್ಕೊಳ್ಳಪ್ಪಾ" ಎಂದರು. ಅವನ ತಲೆಯ ಮೇಲೆ ಆಗಲೇ ಉಣ್ಣೆಯ ಟೋಪಿ ಇತ್ತು.

ಗುಡ್ಡದ ತುದಿಯ ಮಲ್ಲಪ್ಪನ ಗುಡಿಗೆ ಮುಂಭಾಗದಿಂದ ಒಳ್ಳೆಯ ಕಾಲುದಾರಿ ಇತ್ತು. ಚಂದ್ರಕುಮಾರ್ ಅದರ ಕಡೆ ಕೈ ತೋರಿಸಿದ.

"ಅದು ಕುರಿಗಳ ದಾರಿ" ಎಂದ ವಿಶ್ವನಾಥ. "ನಾವು ಹಿಂಬದಿಯಿಂದ ಹತ್ತೋದು."

"ಗುರುತಿಗೆ ರಿಬ್ಬನ್ ಕಟ್ತೀರಾ?"

"ಹಿಮಾಲಯದ ಉದ್ಯಾನದಲ್ಲಿ ರಿಬ್ಬನ್ ಕಟ್ಟೋ ಹಾಗಿಲ್ಲ, ಬಣ್ಣ ಬಳಿಯೋ ಹಾಗಿಲ್ಲ. ಕಲ್ಲಿನ ಗುಪ್ಪೆ ಮಾತ್ರ."

ಅವನು ಮುಂದೆ ನಡೆದ. ಸ್ವಲ್ಪ ಸ್ವಲ್ಪ ದೂರಕ್ಕೆ ಬಗ್ಗಿ, ಚಪ್ಪಟೆ ಕಲ್ಲು ಹುಡುಕಿ, ಒಂದರ ಮೇಲೊಂದು ಜೋಡಿಸಿ, ಹಿಂದೆ ಸರಿದು ನಿಂತು ನೋಡಿ ಮುಂದಕ್ಕೆ ಹೋದ. ಉಳಿದವರು ಬಹಳ ಹಿಂದೆ ಉಳಿದರು. ಏದುಸಿರು ಬಿಡುತ್ತಿದ್ದಾರೆಂದು ಅವನಿಗೆ ಒಳಗೊಳಗೇ ಖುಷಿಯಾಯಿತು.

ತುದಿಯಲ್ಲಿ ಎಲ್ಲರ ವರಸೆಯೇ ಬದಲಾಗಿತ್ತು. ಚಂದ್ರಕುಮಾರ್ ತಾನಾಗಿ ನೀರಿನ ಬಾಟಲಿ ಕೊಟ್ಟ. ಓಂಕಾರೇಶ್ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ, "ಇಷ್ಟೊಂದು ಮನಸಲ್ಲಿ ಇಟ್ಕೊಂಡಿದ್ರಿ, ನಮಗೆ ತಿಳೀಲೇ ಇಲ್ಲ ನೋಡಿ" ಎಂದ. ಕೊನೆಗೂ ಇವರಿಗೆ ತನ್ನ ಯೋಗ್ಯತೆ ತಿಳಿಯಿತೆಂದು ವಿಶ್ವನಾಥ ಉಬ್ಬಿಹೋದ. ಗಡಿಯಾರ ಹಿಡಿದು ಎತ್ತರ ಅಳೆದ. ಗಾಳಿಯ ಬಗ್ಗೆ ಒಂದು ಭಾಷಣ ಮಾಡಿದ. ಅಂದು ಅಮಾವಾಸ್ಯೆ ಎನ್ನುವುದು ಮಾತ್ರ ಅವನ ನಕ್ಷೆಯಲ್ಲಿರಲಿಲ್ಲ. ಸುತ್ತಲ ಹಳ್ಳಿಗಳ ಜನ ಪೂಜೆಗೆ ಬಂದಿದ್ದರು. ಭಾಷಣ ಮುಗಿಯುವ ವೇಳೆಗೆ ಪೂಜೆ ಮುಗಿಸಿ ಗುಡ್ಡದ ತುಂಬ ಹರಡಿಕೊಂಡಿದ್ದರು.

"ಈಗ ಇಳಿಯೋಣ" ಎಂದ. "ನನ್ನ ಗುಪ್ಪೆಗಳ ಮೇಲೆ ಕಣ್ಣಿಟ್ಟು ಬನ್ನಿ."

ಮೊದಲನೆಯ ಗುಪ್ಪೆ ಸಿಕ್ಕಿತು. ಅಲ್ಲಿಂದ ಎಡಕ್ಕೊಂದು ಕಂಡಿತು. ಬಲಕ್ಕೂ ಒಂದು ಕಂಡಿತು. ಎಡಕ್ಕೆ ಹೋದರೆ ಆ ಸಾಲು ಜಾಲಿಯ ಪೊದೆಯೊಳಗೆ ನುಗ್ಗಿಸಿತು, ಓಂಕಾರೇಶನ ಪ್ಯಾಂಟು ಹರಿಯಿತು. ವಾಪಸು ಬಂದು ಬಲಕ್ಕೆ ಹೋದರೆ ಹಳೆಯ ಕಲ್ಲುಕ್ವಾರಿಯ ಅಂಚಿಗೆ ತಂದು ನಿಲ್ಲಿಸಿತು. ಒಂದು ಬಂಡೆಯ ಮೇಲಂತೂ ಸಂತೆಯಲ್ಲಿ ಮಡಕೆ ಹರಡಿದಂತೆ ಗುಪ್ಪೆಗಳೇ ಗುಪ್ಪೆಗಳು. ಊಟದ ಹೊತ್ತು ಮೀರಿತು. ಕೆಳಗೆ ಬಸ್ಸು ಹಾರ್ನ್ ಹೊಡೆದು ಹೊರಟುಹೋದದ್ದು ಕೇಳಿಸಿತು. ಹಿಮಾಲಯದ ಹಿಮನದಿಯನ್ನು ಪೆನ್ಸಿಲ್ಲಿನಲ್ಲಿ ದಾಟಿದ ಧೀರ, ಉಣ್ಣೆಯ ಟೋಪಿಯೊಳಗೆ ಬೆಂದ ಬದನೆಕಾಯಿಯಾಗಿದ್ದ.

ಆಗ ಒಬ್ಬ ಹೆಂಗಸು ಕಂಡಳು. ಹನುಮಂತಮ್ಮ ಅಂತೆ, ಹಿರೇನಲ್ಲೂರಿನವಳಂತೆ. ಕುಕ್ಕರಗಾಲಲ್ಲಿ ಕೂತು ಭಕ್ತಿಯಿಂದ ಕಲ್ಲಿನ ಮೇಲೆ ಕಲ್ಲು ಇಡುತ್ತಿದ್ದಳು.

"ಇದನ್ನ ಯಾಕಮ್ಮ ಕಟ್ತಿದೀರಾ?" ಎಂದ ವಿಶ್ವನಾಥ.

"ಯಾಕೆ ಅಂದ್ರೆ? ಸ್ವಂತ ಮನೆ ಆಗ್ಲಿ ಅಂತ. ಗುಡ್ಡದ ಮೇಲೆ ಕಲ್ಲು ಜೋಡ್ಸಿ ಕೇಳ್ಕಂಡ್ರೆ ಆಗ್ತದೆ, ನಿಮಗೆ ಗೊತ್ತಿಲ್ವಾ? ಈ ಮಗ್ಗುಲಲ್ಲಿ ಯಾರೂ ಕಟ್ತಿರ್ಲಿಲ್ಲ. ಇವತ್ತು ಯಾರೋ ಪುಣ್ಯಾತ್ಮ ಕೆಳಗಿಂದ ಸಾಲಾಗಿ ಕಟ್ಕಂಡು ಬಂದವ್ನೆ. ಪಾಪ, ಎಷ್ಟು ವರ್ಷದಿಂದ ಬಾಡಿಗೆ ಮನೇಲಿ ನರಳ್ತಾವ್ನೋ."

ಈ ಹರಕೆಯ ವಿಷಯ ಅವನಿಗೆ ಗೊತ್ತಿತ್ತು. ಪ್ಲಾನ್ ಬರೆಸಲು ಬರುವವರಲ್ಲಿ ಅರ್ಧ ಜನ ಹೀಗೆ ಕಲ್ಲು ಜೋಡಿಸಿ ಹರಕೆ ಹೊತ್ತವರೇ.

"ಆ ಪುಣ್ಯಾತ್ಮ ಇವ್ರೇ ಕಣಮ್ಮ" ಎಂದ ಓಂಕಾರೇಶ್. "ಸಾರ್, ದಾರಿ ಗುರುತು ಅಂತ ನೆಪ ಹೇಳಿದ್ರಿ, ನಾಚ್ಕೊಂಡಿರ್ತೀರಿ ಅಂತ ನಾವೂ ಸುಮ್ನಾದ್ವಿ. ಬರ್ತಾ ನಮ್ಮ ಪಾಲಿಂದೂ ಒಂದಷ್ಟು ಕಟ್ಟಿದೀವಿ. ಗುಡೀಲಿ ಸಿಕ್ಕಿದೋರಿಗೂ ಹೇಳ್ದೆ, ನಿಮ್ಮ ಹೆಸರಲ್ಲಿ ಅವ್ರೂ ಕಟ್ಟವ್ರೆ. ಸಿಮೆಂಟ್ ಮಾತ್ರ ನಮ್ಮ ಅಂಗಡೀದೇ ತಗೋಬೇಕು."

"ಇವು ದಾರಿ ಗುರುತೇ ಕಣ್ರೀ."

"ಹಂಗಾದ್ರೆ ದಾರಿ ಎಲ್ಲಿ ಸಾರ್?" ಎಂದ ಚಂದ್ರಕುಮಾರ್.

ವಿಶ್ವನಾಥ ನಕ್ಷೆ ಮಡಚಿದ. ಹನುಮಂತಮ್ಮನ ಹಿಂದೆ ಎಲ್ಲರೂ ಕುರಿಗಳ ದಾರಿ ಹಿಡಿದು ಇಳಿದರು. ಕಾಶಿಯ ಬಸ್ಸಿಗೆ ಹಿಂದಿನ ಸೀಟು ಖಾತ್ರಿಯಾಯಿತು.

ಸಂಜೆ ಮನೆ ಸೇರಿದವನು ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುತ್ತ, ಹೋಗಲಿ, ಮನೆಯಾದರೂ ಇದೆ, ಕೋಣೆಯಾದರೂ ಇದೆ ಎಂದುಕೊಂಡ. ಒಳಗಿನಿಂದ ಕೋಮಲಾ ಬಂದು ನಿಂತಳು. ಅತ್ತು ಕಣ್ಣು ಊದಿತ್ತು. ಅಷ್ಟರಲ್ಲಿ ಕೆಳಗಿನ ಬಾಗಿಲು ತೆರೆಯಿತು.

"ಓಂಕಾರೇಶ ಗುಡ್ಡದಿಂದಲೇ ಫೋನ್ ಮಾಡಿದ್ದ ಕಣಪ್ಪಾ" ಎಂದರು ಗುರುಶಾಂತಮ್ಮ. "ಮನೆ ಕಟ್ಟಿಸ್ತಿದೀರಂತೆ, ಬಹಳ ಸಂತೋಷ ಆಯ್ತು. ನಮ್ಮ ತಮ್ಮನ ಮೊಮ್ಮಗಳು ಅಮೂಲ್ಯಾಗೆ ಇಲ್ಲಿಗೇ ವರ್ಗ ಆಗಿದೆ. ಮಹಡಿ ಕೊಡಜ್ಜಿ ಅಂತ ಒಂದೇ ಸಮ ಕೇಳ್ತಿದ್ಳು. ನಿಮ್ಮನ್ನ ಹೋಗಿ ಅಂತ ಹೆಂಗೆ ಹೇಳ್ಲಿ ಅಂತ ನನಗೆ ನಿದ್ದೆ ಇರ್ಲಿಲ್ಲ. ನೀವೇ ದಾರಿ ತೋರ್ಸಿದ್ರಿ. ಮಧ್ಯಾಹ್ನ ಬಂದಿದ್ಳು, ಎಲೆ ಅಡಿಕೆ ಕೊಟ್ಟು ಮಾತು ಕೊಟ್ಬಿಟ್ಟೆ."

ಮನೆ ಕಟ್ಟಿಸುತ್ತಿಲ್ಲ ಎನ್ನಲು ವಿಶ್ವನಾಥ ಬಾಯಿ ತೆರೆದ. ಮುದುಕಿಯ ಮುಖದಲ್ಲಿ ಭಾರ ಇಳಿಸಿದವರ ನೆಮ್ಮದಿ ಇತ್ತು. ಅವನು ಹಾಕಿದ ಗುರುತು ಜೀವಮಾನದಲ್ಲಿ ಮೊದಲ ಸಲ ಒಬ್ಬರನ್ನು ಸರಿಯಾಗಿ ಗುರಿ ಮುಟ್ಟಿಸಿತ್ತು. ಅವನು ಉಳಿದ ಬೂಟನ್ನೂ ಬಿಚ್ಚಿದ.

ಗುರುಶಾಂತಮ್ಮನವರು ಸೆರಗಿನ ಮರೆಯಿಂದ ಊಟದ ಕ್ಯಾರಿಯರ್ ತೆಗೆದರು. ಹೋಳಿಗೆ, ಕಟ್ಟಿನ ಸಾರು, ಅನ್ನ. ಇನ್ನೂ ಬಿಸಿಯಿತ್ತು. ಹಿಡಿಕೆ ಸುಡಬಾರದೆಂದು ಬಟ್ಟೆ ಸುತ್ತಿ, ಅದನ್ನು ಅವನ ಕೈಗಿಟ್ಟು, ಸದ್ದಿಲ್ಲದೆ ಬಾಗಿಲು ಮುಂದೆ ಮಾಡಿಕೊಂಡರು.