ಗೊತ್ತಿದ್ದದ್ದನ್ನೇ ಕೇಳುವ ಕಾಕಾ

‘ನವಲಗುಂದ–ಹುಬ್ಬಳ್ಳಿ’ ಎಂಬ ಫಲಕದ ಕೆಳಗೇ ನಿಂತು, ನವಲಗುಂದದಲ್ಲಿರುವ ನಮ್ಮ ಕಾಕಾ ಕಂಡಕ್ಟರನನ್ನು ಕೇಳುತ್ತಾರೆ: “ಇದು ಹುಬ್ಬಳ್ಳಿಗೆ ಹೊಕ್ಕೈತೇನ್ರಿ?”

“ದಿನಾ ಇದರಾಗ ಬರ್ತೀರಲ್ರೀ ಸರ್!”

“ಅದಕ್ಕ ಕೇಳಿದೆ. ನಿಮಗ ಗೊತ್ತೈತೋ ಇಲ್ಲೋ ನೋಡಬೇಕಲ್ಲ!”

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಅವರು ಯಾರಿಗೂ ಕೇಳುವುದೇ ಇಲ್ಲ. ಗೊತ್ತಿದ್ದದ್ದನ್ನು ಕೇಳಿ, ಸರಿಯಾಗಿ ಹೇಳಿದರೆ ಮಾತ್ರ ಮುಂದಿನ ಮಾತು. ಹೆಣ್ಣು ನೋಡಲು ಹೋದಾಗಲೂ ಕಾಕಿಗೆ ಕೇಳಿದ್ದು ನೀರಿನ ರಾಸಾಯನಿಕ ಸೂತ್ರವಂತೆ! ಕಾಕಿ ಲೋಟ ಮುಂದಿಟ್ಟು, “ಕುಡದ ನೋಡ್ರಿ” ಎಂದರಂತೆ.

ಆ ಕಾಕಿಗೆ ಚಳಿಗಾಲದ ಒಂದು ಜ್ವರದ ನಂತರ ವಾಸನೆಯೇ ತಿಳಿಯುತ್ತಿಲ್ಲ. ಒಗ್ಗರಣೆ ಕಪ್ಪಾದರೂ ಗೊತ್ತಾಗದು. “ಏ, ಬಳ್ಳೊಳ್ಳಿ ಹೊತ್ತತು, ಇಳಸು!” ಎಂದು ಕಾಕಾ ಪಡಸಾಲೆಯಿಂದ ಕೂಗಬೇಕು. ಡಾಕ್ಟರರು ಕಾದು ನೋಡೋಣ ಎಂದಿದ್ದಾರೆ. ಕಾಕಿ ಮಾತ್ರ ರುಚಿಯಿಲ್ಲವೆಂದು ಊಟವನ್ನು ಅರ್ಧಕ್ಕೇ ಬಿಡುತ್ತಾರೆ.

ನಾನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದ್ದೇನೆ. ಸಂಶೋಧನಾ ಲೇಖನಗಳನ್ನು ಕಂಪ್ಯೂಟರಿನಲ್ಲಿ ಹುಡುಕುವುದನ್ನು ವಿಜ್ಞಾನದ ಅಧ್ಯಾಪಕರಿಗೆ ಕಲಿಸುವುದು ನನ್ನ ಕೆಲಸ. ಅಂಥ ತರಬೇತಿಗೆ, ರಸಾಯನಶಾಸ್ತ್ರದ ಪ್ರಾಧ್ಯಾಪಕರಾದ ಕಾಕಾ ಒಂದು ದಿನ ಬಂದು ಕೂತರು! ಉಳಿದವರು ಹೊಸ ಲೇಖನ ಹುಡುಕುತ್ತಿದ್ದರು. ಇವರು ತಮ್ಮವೇ ಹಳೆಯ ಲೇಖನಗಳನ್ನು ಕರೆದು ಹಾಜರಿ ತೆಗೆದುಕೊಳ್ಳುತ್ತಿದ್ದರು!

“ಸರ್, ಹೊಸಾದೇನಾರ ಕೇಳ್ರಿ,” ಎಂದೆ. ಕೆಲಸದ ಜಾಗದಲ್ಲಿ ಅವರು ನನಗೆ ಕಾಕಾ ಅಲ್ಲ.

“ತಡಿಯವಾ. ಮೊದಲ ಭರೋಸಾ ಬರಬೇಕಲ್ಲ!”

ಹಿಂದಿನ ಸಾಲಿನಿಂದ ಯಾರೋ ನಕ್ಕರು. ನನಗೆ ನೆಲದೊಳಗೆ ಇಳಿಯುವಂತಾಯಿತು.

ಸಂಜೆ ಎಲ್ಲರೂ ಹೋದರು. ಕಾಕಾ ಏಳಲಿಲ್ಲ. ಒಂದೇ ಬೆರಳಿನಿಂದ ನಿಧಾನಕ್ಕೆ ಕುಟ್ಟಿದರು: ಜ್ವರದಿಂದ ಹೋದ ವಾಸನೆ ಗ್ರಹಿಸುವ ಶಕ್ತಿ ಮರಳುತ್ತದೆಯೇ?

ನನ್ನ ಕಡೆ ನೋಡದೆ, “ಇದರ ಉತ್ತರ ನನಗ ಗೊತ್ತಿಲ್ಲ,” ಎಂದರು.

ಇಬ್ಬರೂ ಕೂತು ಓದಿದೆವು. ಕೆಲವರಿಗೆ ಮರಳುತ್ತದೆ, ಎಲ್ಲರಿಗೂ ಅಲ್ಲ. ಪರಿಚಯದ ವಾಸನೆಗಳನ್ನು ದಿನವೂ ಮೂಸಿ, ಅವು ಹೇಗಿದ್ದವೆಂದು ನೆನಪಿಸಿಕೊಳ್ಳುವ ಅಭ್ಯಾಸವೊಂದಿದೆಯಂತೆ. ಅಂದರೆ ಮೂಗಿಗೂ ಗೊತ್ತಿದ್ದದ್ದನ್ನೇ ಕೇಳಬೇಕು! ಕಾಕಾ ಮತ್ತೇನನ್ನೂ ಪರೀಕ್ಷಿಸಲಿಲ್ಲ. “ಪ್ರಿಂಟ್ ತಗಿಯವಾ,” ಎಂದರು.

ಮರುದಿನ ಬೆಳಿಗ್ಗೆ ನಾನು ಕಾಕಿಗೆಂದು ಲವಂಗ, ಏಲಕ್ಕಿ, ಲಿಂಬೆಯ ಸಿಪ್ಪೆಗಳನ್ನು ಬೇರೆ ಬೇರೆ ಬಾಟಲಿಗೆ ಹಾಕಿಕೊಂಡು ಹುಬ್ಬಳ್ಳಿಯ ಬಸ್‌ ನಿಲ್ದಾಣಕ್ಕೆ ಹೋದೆ. ಫಲಕ ಎದುರಿಗೇ ಇತ್ತು. ಆದರೂ ಕಂಡಕ್ಟರನನ್ನು ಕೇಳಿದೆ: “ಇದು ನವಲಗುಂದಕ್ಕ ಹೊಕ್ಕೈತೇನ್ರಿ?”