ಮೂರನೆಯ ಮಿರ್ಚಿಯ ಆಶ್ವಾಸನೆ

ಮತದಾರರಿಗೆ ಮರೆವು ಹೆಚ್ಚು ಎಂದು ಟಿ.ವಿ.ಯಲ್ಲಿ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರನ್ನು ಒಂದು ಬೆಳಗ್ಗೆ ಕುರುಗೋಡಿನಲ್ಲಿರುವ ನಮ್ಮ ದೊಡ್ಡಮ್ಮನ ಒಗ್ಗರಣೆ-ಮಿರ್ಚಿ ಅಂಗಡಿಯಲ್ಲಿ ಕೂರಿಸಬೇಕು. ಮಂಡಕ್ಕಿ ಒಗ್ಗರಣೆಯ ಪ್ಲೇಟಿನ ಮೇಲೆ ಮೊದಲು ಮೂರು ಮಿರ್ಚಿ ಬಜ್ಜಿ ಇರುತ್ತಿದ್ದವು. ಎಣ್ಣೆ ತುಟ್ಟಿಯಾಗಿ ಈಗ ಎರಡಾಗಿವೆ. ಇಲ್ಲದ ಆ ಒಂದನ್ನು ಊರು ಒಂದು ದಿನವೂ ಮರೆತಿಲ್ಲ.

ನಾನು ಮಿಮಿಕ್ರಿಯವನು. ನಾಯಿ, ಕೆಟ್ಟ ಬೈಕು, ನಮ್ಮಪ್ಪನ ಗೊರಕೆ ಎಲ್ಲ ಮಾಡುತ್ತೇನೆ. ನನ್ನ ಸ್ವಂತ ಧ್ವನಿ ಕೇಳಲು ಮಾತ್ರ ಯಾರೂ ಕರೆಯುವುದಿಲ್ಲ. ಈ ಸಲ ಚುನಾವಣೆಗೆ ಆಳುವ ಪಕ್ಷದವರು ಬಳ್ಳಾರಿಯ ಗಾಂಧಿನಗರದ ಆಫೀಸಿನಿಂದ ಕರೆದರು. ಸಭೆಗೆ ಮುನ್ನ ಅವರ ನಾಯಕರ ಧ್ವನಿಯಲ್ಲಿ ಜನರನ್ನು ನಗಿಸಬೇಕು. ಸಿರುಗುಪ್ಪದಲ್ಲಿ "ನಮ್ಮ ಕಾಲದಾಗ ಯಾರಿಗೇನು ಕಡಿಮಿ ಆಗೇತ್ರಿ?" ಎಂದೆ. ಅಲ್ಲಿ ಭತ್ತಕ್ಕೆ ಒಳ್ಳೆಯ ರೇಟು ಬಂದಿತ್ತು, ಜನ ಶಿಳ್ಳೆ ಹೊಡೆದರು. ಎಲ್ಲ ನನ್ನ ಕಲೆಯ ಮಹಿಮೆ ಎಂದುಕೊಂಡು ಮಾರನೆಯ ದಿನ ಕುರುಗೋಡಿನಲ್ಲೂ ಅದನ್ನೇ ಹೇಳಿದೆ. ಹಮಾಲಿ ಕೆಲಸದ ವೀರೇಶಣ್ಣ ಎದ್ದು ನಿಂತ.

"ಒಂದು ಮಿರ್ಚಿ ಕಡಿಮಿ ಆಗೇತಿ. ಯಾರು ತಿಂದ್ರಲೇ?"

ಸಭೆ ಬಿದ್ದು ಬಿದ್ದು ನಕ್ಕಿತು. ನಗು ಕೇಳಿದರೆ ನನಗೆ ಬುದ್ಧಿ ನಿಲ್ಲುವುದಿಲ್ಲ. ನಾಯಕರ ಗಂಟಲಲ್ಲೇ ಘೋಷಿಸಿಬಿಟ್ಟೆ: "ನಾಳಿಂದ ನಮ್ಮ ದೊಡ್ಡಮ್ಮನ ಅಂಗಡ್ಯಾಗ ಮೂರು ಮಿರ್ಚಿ!" ನಮ್ಮ ದೊಡ್ಡಮ್ಮ ನಾಯಕರಿಗೆ ಯಾವಾಗ ದೊಡ್ಡಮ್ಮನಾದಳೆಂದು ಯಾರೂ ಕೇಳಲಿಲ್ಲ.

ಬೆಳಗಾಗುತ್ತಲೇ ದೊಡ್ಡಮ್ಮನ ಫೋನು. "ಮೂರು ಕೊಡು ಅಂತ ಕುಂತಾರ. ಕೊಡದಿದ್ರ ಎದುರಿನ ಅಂಗಡಿಗೆ ಹೊಂಟಾರ. ಮಾತು ಕೊಟ್ಟವ ನೀನು, ಬಂದು ನೀನ ಕರಿ!" ಗಾಂಧಿನಗರಕ್ಕೆ ಫೋನು ಮಾಡಿದರೆ, "ಅದು ನಿನ್ನ ವೈಯಕ್ತಿಕ ಅಭಿಪ್ರಾಯಪ್ಪಾ" ಎಂದು ಇಟ್ಟುಬಿಟ್ಟರು. ಎಂಥ ಅನ್ಯಾಯ! ಗಂಟಲು ಅವರದು, ಬಾಣಲೆ ನನ್ನದು.

ಅಂಗಡಿಗೆ ಹೋಗಿ ಒಲೆಯ ಮುಂದೆ ಕೂತೆ. ಅರ್ಧ ತಾಸಿನಲ್ಲಿ ಎಣ್ಣೆ ಡಬ್ಬಿಯ ತಳ ಕಂಡಿತು. ಮೆಣಸಿನಕಾಯಿಗಳನ್ನು ಅರ್ಧಕ್ಕೆ ಕತ್ತರಿಸಿ ಕರಿದು ಮೂರು ಮೂರು ಹಂಚಿದೆ. ವೀರೇಶಣ್ಣ ಒಂದನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದ.

"ಇದೇನಲೇ, ಇಷ್ಟು ಗಿಡ್ಡ?"

ಆಗ ಯಾರನ್ನೂ ಅನುಕರಿಸದೆ, ನನ್ನದೇ ಧ್ವನಿಯಲ್ಲಿ, ನೀರು ಕುಡಿದಷ್ಟು ಸಲೀಸಾಗಿ ಮಾತು ಬಂತು: "ಅಣ್ಣಾ, ನನಗಿಂತ ಮೊದಲು ಕರೀತಿದ್ದವ್ರು ಎಣ್ಣಿ ಡಬ್ಬಿ ಖಾಲಿ ಮಾಡಿಟ್ಟಿದ್ರು."

ವೀರೇಶಣ್ಣ ಪ್ಲೇಟು ಕೆಳಗಿಟ್ಟು ಹೊರಟ, ಅವನ ಜೊತೆ ಉಳಿದವರೂ ಎದ್ದರು. ಹಿಟ್ಟು ಕಲಸುತ್ತಿದ್ದ ದೊಡ್ಡಮ್ಮ ಎದ್ದು ಬಂದಳು. "ಏಳಲೇ ಮೊದಲು! ಬಾರೋ ವೀರೇಶಾ, ಎರಡ ಕೊಡ್ತೀನಿ, ಆದ್ರ ಮೊದಲಿನಷ್ಟ ಉದ್ದ." ಅವನು ಮರಳಿ ಬೆಂಚಿಗೆ ಬಂದ, ಹಿಂದೆಯೇ ಉಳಿದವರೂ ಬಂದರು.

ನಾನು ಅಧಿಕಾರದಲ್ಲಿದ್ದದ್ದು ಒಟ್ಟು ಮುಕ್ಕಾಲು ತಾಸು. ಮೂಲೆಯಲ್ಲಿ ಪ್ಲೇಟು ತೊಳೆಯುತ್ತ ಅವರ ಬೆನ್ನು ನೋಡಿ ಹಲ್ಲು ಕಡಿದೆ: ಇಷ್ಟೆಲ್ಲ ಮಾಡಿದರೂ ಒಂದಿಷ್ಟು ಉಪಕಾರ ಸ್ಮರಣೆ ಇಲ್ಲದ ಜನ!