ಎಂಟನೇ ಕುರ್ಚಿಯ ಗೋಲ್‌ಕೀಪರ್

ಡಯಾಲಿಸಿಸ್ ಸೆಂಟರಿನಲ್ಲಿ ನಗುವಂಥದ್ದು ಏನಿರುತ್ತದೆ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಇರುತ್ತದೆ. ಇಪ್ಪತ್ತು ಜನರ ಕೈಗೆ ಸೂಜಿ ಚುಚ್ಚಿ, ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಅಲ್ಲಾಡದಂತೆ ಕೂರಿಸಿದರೆ ಏನಾದರೊಂದು ನಡೆದೇ ನಡೆಯುತ್ತದೆ.

ನಾನು ಇದುವರೆಗೆ ಹೀಗೆ ಏನನ್ನೂ ಬರೆದವನಲ್ಲ. ಇಪ್ಪತ್ತಾರು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದೆ. ಬರೆದದ್ದೆಲ್ಲ ಬಗ್ ರಿಪೋರ್ಟು, ಅಂದರೆ ಬೇರೆಯವರು ಮಾಡಿದ ತಪ್ಪುಗಳ ವಿವರ. ಗೊತ್ತಿಲ್ಲದವರಿಗಾಗಿ ಡಯಾಲಿಸಿಸ್ ಅಂದರೇನು ಎಂದು ಮೊದಲೇ ಹೇಳಿಬಿಡುತ್ತೇನೆ. ಕಿಡ್ನಿ ಕೆಲಸ ನಿಲ್ಲಿಸಿದವರ ರಕ್ತವನ್ನು ಒಂದು ಮೆಷೀನು ಹೊರಗೆ ಎಳೆದು, ತೊಳೆದು, ವಾಪಸ್ ಕೊಡುತ್ತದೆ. ಬಟ್ಟೆ ಒಗೆಯುವ ಮೆಷೀನು ಇದ್ದ ಹಾಗೆ. ಒಗೆದಷ್ಟೂ ಬಣ್ಣ ಹೋಗುವುದೂ ಹಾಗೆಯೇ.

ಏಳನೇ ಕುರ್ಚಿ

ಹ್ಯೂಸ್ಟನ್ ಹತ್ತಿರದ ಸೈಪ್ರೆಸ್ಸಿನ ನಮ್ಮ ಮನೆಯಿಂದ ಸೆಂಟರಿಗೆ ಹದಿನೈದು ನಿಮಿಷದ ಡ್ರೈವ್. ನನ್ನದು ಮಂಗಳವಾರ, ಗುರುವಾರ, ಶನಿವಾರ, ಬೆಳಗ್ಗೆ ಐದೂವರೆಯ ಶಿಫ್ಟು. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕುರ್ಚಿ ಗೊತ್ತುಮಾಡಿರುತ್ತಾರೆ. ಹೊಸಬನಿಗೆ ಕುರ್ಚಿ ಸಿಕ್ಕಿತೆಂದರೆ ಹಳಬನೊಬ್ಬ ಅದನ್ನು ಬಿಟ್ಟಿದ್ದಾನೆ ಎಂದರ್ಥ. ಬಿಡುವುದಕ್ಕೆ ಎರಡೇ ದಾರಿ. ಹೊಸ ಕಿಡ್ನಿ ಸಿಗಬೇಕು, ಇಲ್ಲವೇ ಇನ್ನೊಂದು. ಆ ಇನ್ನೊಂದನ್ನು ವಿವರಿಸಬೇಕಿಲ್ಲ ಅಂದುಕೊಂಡಿದ್ದೇನೆ.

ನನಗೆ ಏಳನೇ ಕುರ್ಚಿ ಸಿಕ್ಕಿತು. ಪಕ್ಕದ ಎಂಟನೆಯದರಲ್ಲಿ ಎಂಬತ್ತರ ಹತ್ತಿರದ ವಿಯೆಟ್ನಾಮಿನ ಮುದುಕರೊಬ್ಬರು. ಸೆಂಟರಿನಲ್ಲಿ ಎಸಿ ವಿಪರೀತ, ಎಲ್ಲರೂ ಕಂಬಳಿ ಹೊದ್ದಿರುತ್ತೇವೆ. ಇವರು ಕಂಬಳಿಯ ಮೇಲೆ ಒಂದು ಹಸಿರು ಫುಟ್‌ಬಾಲ್ ಜೆರ್ಸಿಯನ್ನೂ ಹರಡಿಕೊಂಡಿದ್ದರು. ಹಿರಿಯರು, ಹಾಗಾಗಿ ನಾನು ಅಭ್ಯಾಸಬಲದಿಂದ ಅಂಕಲ್ ಎಂದೆ. ನಾನು ಟೆಸ್ಟಿಂಗ್ ಮಾಡುತ್ತಿದ್ದವನು ಎಂದು ಗೊತ್ತಾದ ಮೇಲೆ ಅವರು ನನ್ನನ್ನು ಇಂಜಿನಿಯರ್ ಎಂದರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ, ಇಬ್ಬರದೂ ಎರವಲು. ಇಲ್ಲಿ ಕನ್ನಡಕ್ಕೆ ತಂದುಕೊಂಡಿದ್ದೇನೆ.

ನನಗಿಂತ ಮೊದಲು ಈ ಕುರ್ಚಿಯಲ್ಲಿ ಯಾರಿದ್ದರು ಎಂದು ಕೇಳಿದೆ. ಒಬ್ಬ ರಿಟೈರ್ಡ್ ಟ್ರಕ್ ಡ್ರೈವರ್ ಎಂದರು. ಅವನಿಗೆ ಕಿಡ್ನಿ ಸಿಕ್ಕಿತಾ ಎಂದು ಆಸೆಯಿಂದ ಕೇಳಿದೆ. ಅಂಕಲ್ ಇಲ್ಲವೆಂದು ತಲೆಯಾಡಿಸಿದರು.

"ನಮ್ಮ ಕ್ಲಬ್ಬಿನ ಚರಿತ್ರೆ ಅರ್ಧ ಹೇಳಿದ್ದೆ, ಹೊರಟುಹೋದ. ಈಗ ನಿನಗೆ ಮತ್ತೆ ಮೊದಲಿಂದ ಶುರು ಮಾಡಬೇಕು."

ಐದು ಹೆಸರು

ಆ ಕ್ಲಬ್ಬು ವಿಯೆಟ್ನಾಮಿನ ನಡುಭಾಗದ ಒಂದು ಸಣ್ಣ ಊರಿನದು. ಮೊದಲು ಅದು ಸಕ್ಕರೆ ಕಾರ್ಖಾನೆಯ ಕೆಲಸಗಾರರ ತಂಡ. ಹಗಲು ಕಬ್ಬು ಅರೆಯುವುದು, ಸಂಜೆ ಆಟ. ಅಂಕಲ್ ಅಲ್ಲಿ ಬಾಯ್ಲರ್ ಸೆಕ್ಷನ್ನಿನಲ್ಲಿದ್ದರು. ಯುದ್ಧ ಮುಗಿದ ಮೇಲೆ ಹೊಸ ಸರ್ಕಾರ ಅದನ್ನು ಇಡೀ ಪ್ರಾಂತ್ಯದ ತಂಡ ಮಾಡಿತು, ಹೆಸರು ಬದಲಾಯಿತು. ಆಮೇಲೆ ಅಲ್ಲಿ ಫುಟ್‌ಬಾಲ್ ಪ್ರೊಫೆಷನಲ್ ಆಯಿತು, ಅಂದರೆ ಆಡುವುದೇ ನೌಕರಿ. ಆಗ ಒಂದು ಸಿಮೆಂಟ್ ಕಂಪನಿ ತಂಡವನ್ನು ಕೊಂಡುಕೊಂಡು ತನ್ನ ಹೆಸರಿಟ್ಟಿತು. ಅಲ್ಲಿ ಹಾಗೆಯೇ, ಕ್ಲಬ್ಬಿನ ಹೆಸರಿಗೇ ಕಂಪನಿಯ ಹೆಸರು ಅಂಟಿಕೊಳ್ಳುತ್ತದೆ. ಸಿಮೆಂಟಿನವರು ಹೋಗಿ ಒಂದು ಬ್ಯಾಂಕು ಬಂತು. ಬ್ಯಾಂಕಿನ ಯಜಮಾನ ಜೈಲಿಗೆ ಹೋದ.

ಇದರಲ್ಲಿ ನನಗೇನೂ ಆಶ್ಚರ್ಯವಾಗಲಿಲ್ಲ. ನಾನಿದ್ದ ಕಂಪನಿಯೂ ಮೂರು ಸಲ ಕೈ ಬದಲಾಗಿತ್ತು, ನಾಲ್ಕನೆಯ ಯಜಮಾನರು ಹೆಸರಿನ ಜೊತೆ ನನ್ನನ್ನೂ ತೆಗೆದುಹಾಕಿದರು. ಆದರೆ ಆ ವರ್ಷ ಕ್ಲಬ್ಬಿನವರ ಹತ್ತಿರ ಹೊಸ ಜೆರ್ಸಿಗೆ ದುಡ್ಡಿರಲಿಲ್ಲ. ಎದೆಯ ಮೇಲಿದ್ದ ಬ್ಯಾಂಕಿನ ಹೆಸರಿಗೆ ಬಿಳಿ ಟೇಪ್ ಅಂಟಿಸಿಕೊಂಡು ಇಡೀ ಸೀಸನ್ ಆಡಿದರಂತೆ. ಅಂಕಲ್ ತಮ್ಮ ತೋಳಿನ ಸೂಜಿಯ ಮೇಲಿದ್ದ ಟೇಪನ್ನು ತೋರಿಸಿ, ಥೇಟ್ ಇಂಥದ್ದೇ ಎಂದರು.

ಪಾಪ, ಆ ವರ್ಷ ಏನಾಯಿತು ಎಂದು ಕೇಳಿದೆ.

"ನಾಲ್ಕನೇ ಸ್ಥಾನ. ಕ್ಲಬ್ಬಿನ ಚರಿತ್ರೆಯಲ್ಲೇ ಅಷ್ಟು ಮೇಲೆ ಬಂದದ್ದು ಅದೊಂದೇ ಸಲ. ಮುಂದಿನ ವರ್ಷ ಬಾಟಲಿ ನೀರಿನ ಕಂಪನಿ ಕೊಂಡುಕೊಂಡಿತು, ಒಳ್ಳೇ ಜೆರ್ಸಿ ಕೊಟ್ಟರು, ಕೆಳಗಿನ ಡಿವಿಷನ್ನಿಗೆ ಬಿದ್ದರು."

ಅವರು ಹೊದ್ದಿದ್ದ ಹಸಿರು ಜೆರ್ಸಿ ಅದೇ. ಎದೆಯ ಮೇಲೆ ತಣ್ಣಗಿನ ನೀರಿನ ಬಾಟಲಿಯ ಚಿತ್ರ. ನಮಗೆ ದಿನಕ್ಕೆ ಒಂದೇ ಲೀಟರ್ ನೀರು, ಅದಕ್ಕಿಂತ ಹೆಚ್ಚು ಕುಡಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ನಾಲ್ಕು ಗಂಟೆ ಆ ಬಾಟಲಿಯನ್ನೇ ನೋಡುತ್ತಾ ಕೂತು ನಾನು ಆ ಕಂಪನಿಯನ್ನು ಬೈದಷ್ಟು ಕ್ಲಬ್ಬಿನ ಅಭಿಮಾನಿಗಳೂ ಬೈದಿರಲಾರರು.

ನೋಟ್‌ಬುಕ್

ಇದನ್ನೆಲ್ಲ ಬರೆದಿಡು ಎಂದು ಅಂಕಲ್ ಹೇಳಿದರು. ಆ ಊರಿನಲ್ಲಿ ಕ್ಲಬ್ಬಿನ ಹಳೇ ಕಾಗದಪತ್ರ ಒಂದೂ ಉಳಿದಿಲ್ಲ, ತಮ್ಮ ತಲೆಯಲ್ಲಿ ಮಾತ್ರ ಇದೆ, ಆ ತಲೆಗೆ ಹೆಚ್ಚು ದಿನವಿಲ್ಲ ಎಂದರು. ನನ್ನ ಸೂಜಿ ಎಡಗೈಗೆ, ಬಲಗೈ ಖಾಲಿ. ಒಪ್ಪಿಕೊಂಡೆ.

ಒಂದು ತಿಂಗಳು ಬರೆದ ಮೇಲೆ ಅಂಕಲ್ ನೋಟ್‌ಬುಕ್ ತೋರಿಸು ಎಂದರು. ಕನ್ನಡಕ ಹಾಕಿಕೊಂಡು ನೋಡಿದರು, ತಿರುಗಿಸಿ ನೋಡಿದರು. ಆಗ ನನಗೆ ಹೊಳೆಯಿತು. ಬೇಗ ಬರೆಯುವ ಭರದಲ್ಲಿ ನಾನು ಇಡೀ ಚರಿತ್ರೆಯನ್ನು ಕನ್ನಡದಲ್ಲಿ ಬರೆದಿದ್ದೆ. ಅಂಗಡಿಗೆ ಚೀಟಿ ಬರೆದರೂ ಕೈ ಕನ್ನಡಕ್ಕೇ ಹೋಗುತ್ತದೆ. ಕ್ಷಮಿಸಿ, ಇಂಗ್ಲಿಷಿನಲ್ಲಿ ಮತ್ತೆ ಬರೆಯುತ್ತೇನೆ ಎಂದೆ.

ಅಂಕಲ್, ನಿನ್ನ ಮಗಳು ಇದನ್ನು ಓದುತ್ತಾಳಾ ಎಂದು ಕೇಳಿದರು. ನಮ್ಮ ಮಗಳು ಆಸ್ಟಿನ್ ಹತ್ತಿರ ಸೀಡರ್ ಪಾರ್ಕಿನಲ್ಲಿದ್ದಾಳೆ, ಚಿಪ್ ಕಂಪನಿಯಲ್ಲಿ ಕೆಲಸ. ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಇಲ್ಲ ಎಂದೆ.

"ನನ್ನ ಮಗನಿಗೆ ವಿಯೆಟ್ನಾಮೀಸ್ ಓದಲು ಬರಲ್ಲ. ಯಾವ ಭಾಷೆಯಲ್ಲಿ ಇದ್ದರೇನು? ಬರಿ, ಬರಿ."

ಆದರೆ ಒಂದು ವಿಷಯಕ್ಕೆ ನಮ್ಮಿಬ್ಬರಿಗೆ ಜಗಳ. ಸಕ್ಕರೆ ಕಾರ್ಖಾನೆ ಕಾಲದ ಹನ್ನೊಂದು ಆಟಗಾರರ ಪಟ್ಟಿ ಹೇಳುವಾಗ ಅಂಕಲ್ ಗೋಲ್‌ಕೀಪರ್ ಜಾಗದಲ್ಲಿ ತಮ್ಮ ಹೆಸರು ಹೇಳಿದರು. ಬಿಡಿಸಿ ಬಿಡಿಸಿ ಕೇಳಿದಾಗ ಹೊರಬಿತ್ತು. ಅವರು ಎರಡನೇ ಗೋಲ್‌ಕೀಪರ್. ಅಂದರೆ ಮೊದಲನೆಯವನಿಗೆ ಏನಾದರೂ ಆದರೆ ಮಾತ್ರ ಇಳಿಯುವವನು. ನಾಲ್ಕು ವರ್ಷ ಬೆಂಚಿನ ಮೇಲೆ ಕೂತಿದ್ದರು. ಒಂದು ನಿಮಿಷವೂ ಆಡಲಿಲ್ಲ. ಆಮೇಲೆ ಯುದ್ಧ ಮುಗಿಯಿತು, ದೇಶ ಬಿಟ್ಟು ದೋಣಿ ಹತ್ತಿದರು.

ನಾನು ಟೆಸ್ಟರ್. ಇಬ್ಬರು ನೋಡದೆ ಯಾವುದನ್ನೂ ನಿಜ ಎಂದು ಬರೆದವನಲ್ಲ. ಹಾಗೆಂದೆ. ಅಂಕಲ್‌ಗೆ ಕೋಪ ಬಂತು. ಆವತ್ತಿನಿಂದ ಪ್ರತಿ ಮಂಗಳವಾರವೂ ಪಟ್ಟಿಯನ್ನು ಮೊದಲಿಂದ ಹೇಳುವರು, ನಾನು ಹತ್ತು ಹೆಸರು ಬರೆದು ಪೆನ್ನು ಎತ್ತಿಬಿಡುವೆ.

"ನೀನು ಕೆಲಸ ಕಳೆದುಕೊಂಡದ್ದು ಯಾಕೆ ಅಂತ ಈಗ ಗೊತ್ತಾಯ್ತು," ಎಂದರು ಒಂದು ದಿನ.

ಬೆಳಗಿನ ಪಂದ್ಯ

ಬೇಸಿಗೆಯಲ್ಲಿ ಅಲ್ಲಿ ಸಂಜೆ ಆರು ಎಂದರೆ ಹ್ಯೂಸ್ಟನ್ನಿನಲ್ಲಿ ಬೆಳಗ್ಗೆ ಆರು. ಹಾಗಾಗಿ ಶನಿವಾರದ ಪಂದ್ಯ ಸರಿಯಾಗಿ ನಮ್ಮ ಶಿಫ್ಟಿಗೇ ಬೀಳುತ್ತಿತ್ತು. ಎರಡು ವರ್ಷ ಕೆಳಗಿದ್ದು ಕ್ಲಬ್ಬು ಮತ್ತೆ ಮೇಲಿನ ಡಿವಿಷನ್ನಿಗೆ ಹತ್ತಿತ್ತು, ಮತ್ತೆ ಬೀಳುವುದರಲ್ಲಿತ್ತು. ಅಂಕಲ್ ಫೋನನ್ನು ಟಿಶ್ಯೂ ಡಬ್ಬಕ್ಕೆ ಆನಿಸಿ ಇಡುತ್ತಿದ್ದರು.

ತಂಡದಲ್ಲಿ ಈಗ ಆ ಊರಿನವರು ಇಬ್ಬರೇ. ಉಳಿದವರು ಬೇರೆ ಪ್ರಾಂತ್ಯದವರು, ಬ್ರೆಜಿಲ್‌ನಿಂದ ಬಂದ ಇಬ್ಬರು, ಮತ್ತೆ ಆಫ್ರಿಕಾದಿಂದ ಬಂದು ಹತ್ತು ವರ್ಷ ಆಡಿ ಅಲ್ಲಿನ ಪೌರತ್ವ ಪಡೆದ ಒಬ್ಬ. ಪೌರತ್ವದ ಜೊತೆ ಅವನಿಗೊಂದು ವಿಯೆಟ್ನಾಮಿನ ಹೆಸರನ್ನೂ ಕೊಟ್ಟಿದ್ದರು. ಅವನ ಮನೆತನದ ಹೆಸರು ಅಂಕಲ್‌ರದೇ. ನಮ್ಮ ಹುಡುಗ ಎಂದು ಅಂಕಲ್ ಬೀಗುವರು. ಅವನಿಗೆ ಆ ದೇಶದ ರಾಷ್ಟ್ರಗೀತೆಯಾದರೂ ಬರುತ್ತದಾ ಎಂದು ನಾನು ಕೇಳಿದೆ.

"ನೀನು ಈ ದೇಶದ ಪೌರ ಅಲ್ವಾ? ಎಲ್ಲಿ, ಇಲ್ಲಿಯದನ್ನು ಹೇಳು ನೋಡೋಣ."

ನಾನು ಎರಡು ಸಾಲು ಹೇಳಿ ಕೆಮ್ಮಿದೆ.

ಅದೇ ಹೊತ್ತಿಗೆ ಆ ಆಟಗಾರ ಖಾಲಿ ಗೋಲಿನ ಮುಂದೆ ನಿಂತು ಚೆಂಡನ್ನು ಗ್ಯಾಲರಿಗೆ ಒದ್ದ. ಅಂಕಲ್‌ರ ಬಿಪಿ ಏರಿ ಮೆಷೀನು ಕೂಗಿಕೊಂಡಿತು. ನರ್ಸ್ ಓಡಿ ಬಂದಳು. ಹೀಗಾಗುವುದು ಅದು ಮೂರನೇ ಶನಿವಾರ. ಇನ್ನು ಮೇಲೆ ನಿಮ್ಮ ಕ್ಲಬ್ಬು ಸೋಲುವುದನ್ನು ಇಲ್ಲಿ ನೋಡುವಂತಿಲ್ಲ ಎಂದು ಫೋನ್ ಎತ್ತಿಕೊಂಡಳು. ಗೆದ್ದರೆ ನೋಡಬಹುದಾ ಎಂದು ಅಂಕಲ್ ಕೇಳಿದರು. ಅವಳು ಫೋನಿನಲ್ಲಿ ಸ್ಕೋರ್ ನೋಡಿದಳು. ಸೊನ್ನೆ-ಮೂರು.

"ಅದಕ್ಕೆ ನನ್ನ ಅಭ್ಯಂತರ ಇಲ್ಲ," ಎಂದಳು. "ಅಂಥ ಅಪಾಯ ಕಾಣಿಸುತ್ತಿಲ್ಲ."

ಹರಕೆ

ಆ ಸೀಸನ್ ಮುಗಿದ ಮೇಲೆ ನೀರಿನ ಕಂಪನಿಯವರು ಕ್ಲಬ್ಬನ್ನೇ ಬೇರೊಂದು ಊರಿಗೆ ಮಾರಿದರು. ಕ್ಲಬ್ಬು ಮಾರುವುದು ಎಂದರೆ ಆಟಗಾರರು, ಬಸ್ಸು, ಡಿವಿಷನ್ನಿನ ಜಾಗ, ಎಲ್ಲ ಹೋಗುತ್ತದೆ. ಉಳಿಯುವುದು ಮೈದಾನ ಮಾತ್ರ. ಅಂಕಲ್ ಅದನ್ನು ಗುರುವಾರ ಹೇಳಿದರು. ಜೆರ್ಸಿ ತಂದಿರಲಿಲ್ಲ. ಕಾಲು ಬಾತಿದ್ದವು. ಮೆಷೀನು ಹಾಕಿದರೆ ಬಿಪಿ ಕುಸಿಯುತ್ತಿತ್ತು, ಹಾಕದಿದ್ದರೆ ಉಸಿರು ಕಟ್ಟುತ್ತಿತ್ತು.

"ಈಗ ನಮ್ಮ ಕ್ಲಬ್ಬು ಇರುವುದು ನಿನ್ನ ನೋಟ್‌ಬುಕ್ಕಿನಲ್ಲಿ ಮಾತ್ರ," ಎಂದರು. "ಪೂರ್ತಿ ಪಂದ್ಯ ಬೇಡ, ಇಂಜಿನಿಯರ್. ಕೊನೆಯ ಒಂದು ನಿಮಿಷ ಆಡಿದೆ ಅಂತ ಬರಿ, ಸಾಕು."

ಇನ್ನೊಬ್ಬ ಸಾಕ್ಷಿ ಬೇಕಲ್ಲ ಅಂಕಲ್ ಎಂದೆ. ನಾನು ಹಾಗೆ ಅಂದೆ ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಅಂದದ್ದು ನಿಜ.

ಆ ಕಾಲದವರಲ್ಲಿ ಬದುಕಿರುವುದು ಒಬ್ಬನೇ, ಮೊದಲನೇ ಗೋಲ್‌ಕೀಪರ್, ಡಾಲಸ್ ಹತ್ತಿರ ಲೂಯಿಸ್‌ವಿಲ್‌ನಲ್ಲಿ ಮಗಳ ಮನೆಯಲ್ಲಿದ್ದಾನೆ ಎಂದರು. ಹಾಗಾದರೆ ಅವರಿಗೇ ಫೋನ್ ಮಾಡೋಣ ಎಂದೆ. ಅವನು ಐವತ್ತು ವರ್ಷದಿಂದ ತಮ್ಮ ಜೊತೆ ಮಾತು ಬಿಟ್ಟಿದ್ದಾನೆ ಎಂದರು. ಯಾಕೆ ಎಂದು ಕೇಳಿದೆ.

"ನಾಲ್ಕು ವರ್ಷ ಪ್ರತಿ ಪಂದ್ಯಕ್ಕೂ ಮುಂಚೆ ಗುಡಿಗೆ ಹೋಗಿ, ಅವನಿಗೆ ಜ್ವರ ಬರಲಿ ಅಂತ ಹರಕೆ ಹೊರುತ್ತಿದ್ದೆ. ಯಾರೋ ಅವನಿಗೆ ಹೇಳಿಬಿಟ್ಟರು."

ಜ್ವರ ಬಂತಾ ಎಂದೆ.

"ಒಂದು ನೆಗಡಿ ಕೂಡ ಬರಲಿಲ್ಲ."

ಶನಿವಾರ ಎಂಟನೇ ಕುರ್ಚಿ ಖಾಲಿ ಇತ್ತು. ಮಂಗಳವಾರ ಅದರಲ್ಲಿ ಹೊಸಬರೊಬ್ಬರು ಕೂತಿದ್ದರು. ಇಲ್ಲಿ ಮೊದಲು ಯಾರಿದ್ದರು ಎಂದು ನನ್ನನ್ನು ಕೇಳಿದರು.

ಹನ್ನೊಂದು ಜನ

ಅಂಕಲ್‌ರ ಮಗ ಫೋನ್ ಮಾಡಿದ. ಅಪ್ಪನ ಪುಸ್ತಕ ನಿಮ್ಮ ಹತ್ತಿರ ಇದೆಯಂತೆ, ಅದರಲ್ಲಿ ಸ್ವಲ್ಪವನ್ನು ಅಂತ್ಯಕ್ರಿಯೆಯಲ್ಲಿ ಓದಬೇಕು, ಅದು ಅಪ್ಪನ ಆಸೆ ಎಂದ. ಅದು ಕನ್ನಡದಲ್ಲಿದೆ ಎಂದೆ. ಗೊತ್ತು, ಹಾಗೇ ಓದಬೇಕಂತೆ ಎಂದ.

ಹೆಂಡತಿ ಧಾರವಾಡದವಳು, ನೇರ ಮಾತು. "ಅಲ್ರೀ, ಹೆಣದ ಮುಂದ ಕೂತು ಫುಟ್‌ಬಾಲ್ ಟೀಮ್ ಓದ್ತೀರೇನು? ಅವರೇನು ತಿಳ್ಕೊಂಡಾರು?" ಎಂದಳು. ಆದರೂ ಜೊತೆಗೆ ಬಂದಳು, ನನ್ನ ಕಾರು ಈಗ ಅವಳೇ ಓಡಿಸುವುದು.

ಅಂತ್ಯಕ್ರಿಯೆಯ ಹಾಲ್‌ನಲ್ಲಿ ನೂರು ಜನ. ಮನೆಯವರ ತಲೆಗೆ ಸೂತಕದ ಬಿಳಿ ಪಟ್ಟಿ. ಅಂಕಲ್‌ರ ಫೋಟೋ, ಊದುಬತ್ತಿ, ಹಣ್ಣು, ಶವಪೆಟ್ಟಿಗೆಯ ಮೇಲೆ ಹಸಿರು ಜೆರ್ಸಿ. ಮೊದಲ ಸಾಲಿನಲ್ಲಿ ವೀಲ್‌ಚೇರಿನಲ್ಲಿ ಉದ್ದ ಕೈಗಳ ಮುದುಕರೊಬ್ಬರು, ಪಕ್ಕದಲ್ಲಿ ಮಗಳು. ಲೂಯಿಸ್‌ವಿಲ್‌ನಿಂದ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದವರು ಎಂದು ಮಗ ಪಿಸುಗುಟ್ಟಿದ. ಇನ್ನೊಬ್ಬ ಸಾಕ್ಷಿ ಅವರೇ.

ಸಕ್ಕರೆ ಕಾರ್ಖಾನೆಯಿಂದ ಶುರು ಮಾಡಿದೆ. ಕನ್ನಡ ಯಾರಿಗೂ ಅರ್ಥವಾಗಲಿಲ್ಲ, ಆದರೆ ಎಲ್ಲರೂ ತಲೆ ತಗ್ಗಿಸಿ ಕೇಳಿದರು, ಮಂತ್ರ ಕೇಳುವ ಹಾಗೆ. ಆಮೇಲೆ ಪಟ್ಟಿ ಬಂತು. ಹೆಸರು ಯಾವ ಭಾಷೆಯಲ್ಲಿ ಓದಿದರೂ ಹೆಸರೇ. ಒಂದೊಂದು ಹೆಸರಿಗೂ ವೀಲ್‌ಚೇರಿನ ಮುದುಕರು ಬೆರಳು ಮಡಚುತ್ತಾ ಹೋದರು. ಹತ್ತಾಯಿತು. ನೋಟ್‌ಬುಕ್ಕಿನಲ್ಲಿ ಹನ್ನೊಂದನೇ ಸಾಲು ಖಾಲಿ ಇತ್ತು. ಫೋಟೋ ನೋಡಿದೆ. ಇಪ್ಪತ್ತಾರು ವರ್ಷದಲ್ಲಿ ಮಾಡದಿದ್ದ ಕೆಲಸ ಮಾಡಿದೆ. ಗೋಲ್‌ಕೀಪರ್ ಎಂದು ಓದಿ, ಅಂಕಲ್‌ರ ಹೆಸರು ಹೇಳಿದೆ.

ಮುದುಕರು ಕೈ ಎತ್ತಿದರು. ಹೆಂಡತಿ ಕಾರಿನ ಕೀ ಕೈಗೆ ತೆಗೆದುಕೊಂಡಳು.

ಯಾವ ಪಂದ್ಯ ಎಂದು ಅವರು ಮಗಳ ಮೂಲಕ ಕೇಳಿದರು. ಕೊನೆಯದು, ಯುದ್ಧ ಮುಗಿಯುವ ಮುಂಚಿನದು ಎಂದೆ. ಅವರು ಪೆಟ್ಟಿಗೆಯತ್ತ ನೋಡಿದರು. ಆಮೇಲೆ ಏನೋ ಹೇಳಿದರು. ಮಗಳು ಅಪ್ಪನ ಮುಖ ನೋಡಿ, ತಡವರಿಸಿ, ಇಂಗ್ಲಿಷಿನಲ್ಲಿ ಹೇಳಿದಳು.

"ಸರಿಯಾಗಿದೆ ಅಂತಾರೆ. ಅವತ್ತು ಅವರಿಗೆ ಜ್ವರ ಇತ್ತಂತೆ."

ನಾನು ಕಣ್ಣೊರೆಸಿಕೊಂಡು ಪೆನ್ನು ತೆಗೆದು ಹನ್ನೊಂದನೇ ಸಾಲು ತುಂಬಿದೆ. ನೋಟ್‌ಬುಕ್ ಮುಚ್ಚುವಷ್ಟರಲ್ಲಿ ಮುದುಕರು ಮತ್ತೆ ಕೈ ಎತ್ತಿದರು. ಅವನು ಎಷ್ಟು ಗೋಲು ಬಿಟ್ಟ ಅಂತ ಬರೆದಿದ್ದೀಯ ಎಂದು ಕೇಳಿಸಿದರು. ಬರೆದಿಲ್ಲ, ಒಂದೂ ಬಿಡಲಿಲ್ಲ ಅಂತಿಟ್ಟುಕೊಳ್ಳೋಣ ಎಂದೆ. ಮುದುಕರು ಬೇಡವೆಂದು ಜೋರಾಗಿ ತಲೆಯಾಡಿಸಿದರು. ಮಗಳಿಗೆ ನಗು ತಡೆಯಲಾಗಲಿಲ್ಲ, ಬಿಳಿ ಪಟ್ಟಿ ಕಟ್ಟಿಕೊಂಡವರ ಮುಂದೆ ನಗಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದು ಹೇಳಿದಳು.

"ಹಾಗೆ ಬರೆದರೆ ಯಾರೂ ನಂಬಲ್ಲವಂತೆ. ಆರು ಅಂತ ಬರೀಬೇಕಂತೆ."